ಎರಡು ಫೈಲು, ಒಂದೇ ಹೊಟ್ಟೆ

ನಮ್ಮೂರು ಮೊಸಳೆ. ಹಾಸನಕ್ಕೆ ಹತ್ತಿರ. ಆಫೀಸಿನಲ್ಲಿ ಊರಿನ ಹೆಸರು ಹೇಳಿದರೆ ಮೊದಲು ನಗು, ಆಮೇಲೆ "ಅಲ್ಲಿ ಮೊಸಳೆ ಇದ್ಯಾ?" ಅನ್ನೋ ಪ್ರಶ್ನೆ. ಮೊಸಳೆ ಇಲ್ಲ, ಎರಡು ದೇವಸ್ಥಾನ ಇವೆ ಅಂತ ಫೋನಲ್ಲಿ ಫೋಟೊ ತೋರಿಸ್ತೀನಿ. ಹೊಯ್ಸಳರ ಕಾಲದವು, ಸುಮಾರು 1200ನೇ ಇಸವಿಯವು. ಒಂದು ನಾಗೇಶ್ವರ, ಇನ್ನೊಂದು ಚೆನ್ನಕೇಶವ. ಒಂದೇ ಅಂಗಳದಲ್ಲಿ ಅವಳಿ ಮಕ್ಕಳ ಹಾಗೆ ಅಕ್ಕಪಕ್ಕ ನಿಂತಿವೆ.

ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋದಾಗ ಅದೇ ಅಂಗಳದಲ್ಲಿ ಗೆಳೆಯನೊಬ್ಬ ಸಿಕ್ಕಿದ. ಅವನು ನಮ್ಮ ಕಡೆಯವನೇ. ಯಾವ ಊರು, ಯಾರ ಮಗ ಅಂತ ಬರೆಯಲ್ಲ. ಈ ಬರಹವನ್ನು ಅವನು ಓದಿ, ಎರಡು ಕಡೆ ವಿವರ ಬದಲಾಯಿಸಿ, "ಹಾಕು" ಅಂದ ಮೇಲೆಯೇ ಕಳಿಸಿದ್ದೇನೆ.

ಅವನ ಜೊತೆ ಅವನ ಅಮ್ಮನೂ ಬಂದಿದ್ದರು. "ನೋಡಪ್ಪ, ನಿನ್ ಫ್ರೆಂಡು ಈಗ ಹೆಂಗೆ ಮುಖ ತುಂಬ್ಕೊಂಡವ್ನೆ! ಹೋದ್ ವರ್ಷ ಕಡ್ಡಿ ಆಗಿದ್ದ" ಅಂತ ಖುಷಿಯಿಂದ ಹೇಳಿದರು. ಮುಖ ನಿಜಕ್ಕೂ ದುಂಡಗಾಗಿತ್ತು, ಕೆಂಪೇರಿತ್ತು. ಆದರೆ ಶರ್ಟಿನ ತೋಳಿನಿಂದ ಹೊರಗೆ ಕಾಣುತ್ತಿದ್ದ ಕೈ ಸಣಕಲಾಗಿತ್ತು. ಮೆಟ್ಟಿಲು ಹತ್ತುವಾಗ ತೊಡೆ ಹಿಡಿದುಕೊಂಡು ಹತ್ತಿದ. ಅರ್ಧ ಗಂಟೆಯಲ್ಲಿ ಒಂದು ಲೀಟರ್ ನೀರು ಮುಗಿಸಿದ.

ಅಮ್ಮ ಒಳಗೆ ಹೋದ ಮೇಲೆ "ಏನೋ ಇದು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಎರಡು ಕಾಯಿಲೆ ಇದೆ ಕಣೋ. ಒಂದು ನಿಂಗೆ ಗೊತ್ತು. ಇನ್ನೊಂದು ಯಾರಿಗೂ ಗೊತ್ತಿಲ್ಲ. ಒಂದರ ಡಾಕ್ಟರಿಗೆ ಇನ್ನೊಂದು ಹೇಳಿಲ್ಲ."

ಮುಚ್ಚಿಟ್ಟಿದ್ದು ಎರಡೂ ಕಡೆ

ನನಗೆ ಗೊತ್ತಿದ್ದ ಕಾಯಿಲೆ ಎಚ್‌ಐವಿ. 2012ರಲ್ಲಿ ಗೊತ್ತಾಗಿತ್ತು. ಅಷ್ಟೊತ್ತಿಗೆ ಸರ್ಕಾರದ ಉಚಿತ ಎಆರ್‌ಟಿ ಶುರುವಾಗಿ ಎಂಟು ವರ್ಷ ಆಗಿತ್ತು. ದೇಶದಲ್ಲಿ ಅದು ಆರಂಭವಾದದ್ದು 2004ರ ಏಪ್ರಿಲ್ 1ರಂದು. ಬೆಂಗಳೂರಿನ ಒಂದು ಸರ್ಕಾರಿ ಕೇಂದ್ರದಲ್ಲಿ ಮಾತ್ರೆ ತಗೊಳ್ತಿದ್ದ. ಹಾಸನದಲ್ಲೂ ಕೇಂದ್ರ ಇದೆ, ಆದರೆ ಅಲ್ಲಿ ಊರಿನವರು ಯಾರಾದರೂ ನೋಡಿಬಿಟ್ಟರೆ ಅನ್ನೋ ಭಯ. ನಡುವೆ ಕೆಲಸ ಬದಲಾದಾಗ ಕೆಲವು ತಿಂಗಳು ಮಾತ್ರೆ ತಪ್ಪಿಸಿದ. ಮೊದಲ ಸಾಲಿನ ಔಷಧಿ ಕೆಲಸ ಮಾಡದಾಯಿತು. ಎರಡನೇ ಸಾಲಿನ ಔಷಧಿ ಕೊಟ್ಟರು: ಅಟಜನವಿರ್ ಮತ್ತು ರಿಟೊನವಿರ್, ಜೊತೆಗೆ ಇನ್ನೆರಡು. ಅಟಜನವಿರ್ ತಗೊಂಡವರಿಗೆ ಕಣ್ಣು ಸ್ವಲ್ಪ ಹಳದಿ ಆಗಬಹುದು. ಸಾಮಾನ್ಯವಾಗಿ ಅದರಿಂದ ಅಪಾಯ ಇಲ್ಲ. ಮನೆಯಲ್ಲಿ ಮಾತ್ರ "ಕಾಮಾಲೆ" ಅಂತ ನಾಟಿ ಔಷಧಿ ಕುಡಿಸೋಕೆ ಓಡಾಡಿದ್ದರು.

ಎರಡನೇ ಕಾಯಿಲೆ ಶುರುವಾದದ್ದು ರಕ್ತದಿಂದ. ಬೆಳಗ್ಗೆ ಮೋಷನ್‌ಗೆ ಹೋದರೆ ರಕ್ತ, ಲೋಳೆ. ದಿನಕ್ಕೆ ಎಂಟು ಸಲ, ಹತ್ತು ಸಲ. "ಮೂಲವ್ಯಾಧಿ ಇರಬೇಕು" ಅಂತ ತಾನೇ ತೀರ್ಮಾನ ಮಾಡಿದ. ನಮ್ಮ ರಸ್ತೆಗಳಲ್ಲಿ ಗೋಡೆಗೋಡೆಗೂ ಮೂಲವ್ಯಾಧಿ ಚಿಕಿತ್ಸೆಯ ಬೋರ್ಡು ಇರುತ್ತಲ್ಲ, ಅಂಥ ಒಂದು ಕಡೆ ಮೂರು ತಿಂಗಳು ಓಡಾಡಿದ. ತೂಕ ಒಂಬತ್ತು ಕೆಜಿ ಇಳಿಯಿತು. ಕೊನೆಗೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿ ಮಾಡಿ "ಅಲ್ಸರೇಟಿವ್ ಕೊಲೈಟಿಸ್" ಅಂದರು. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು.

ಆ ಆಸ್ಪತ್ರೆಯ ಫಾರ್ಮಿನಲ್ಲಿ "ಬೇರೆ ಕಾಯಿಲೆ ಇದೆಯೇ, ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ" ಅಂತ ಒಂದು ಸಾಲಿತ್ತು. ಇವನು "ಇಲ್ಲ" ಅಂತ ಬರೆದ. ಯಾಕೆ ಅಂತ ಕೇಳಿದೆ. "ಹಿಂದೆ ಒಂದು ಕಡೆ ಹಲ್ಲಿಗೆ ಹೋಗಿ ನಿಜ ಹೇಳಿದೆ. ಕೌಂಟರಿನವಳು ಎಲ್ಲರ ಮುಂದೆ ಫೈಲಿನ ಮೇಲೆ ಕೆಂಪು ಪೆನ್ನಲ್ಲಿ ಬರೆದ್ಲು. ಅವತ್ತೇ ತೀರ್ಮಾನ ಮಾಡ್ದೆ, ಇನ್ಯಾರಿಗೂ ಹೇಳಲ್ಲ ಅಂತ."

ಎಆರ್‌ಟಿ ಕೇಂದ್ರದಲ್ಲೂ ಕೊಲೈಟಿಸ್ ವಿಷಯ ಹೇಳಲಿಲ್ಲ. ಅಲ್ಲಿ ಯಾರೂ ಅವಮಾನ ಮಾಡಿರಲಿಲ್ಲ. "ಕ್ಯೂ ದೊಡ್ಡದಿರುತ್ತೆ, ಇದೆಲ್ಲ ಯಾಕೆ ಹೇಳೋದು" ಅಂತ ಅಷ್ಟೇ.

ಒಂದು ಚೀಟಿ, ಎರಡು ಎಡವಟ್ಟು

ಕೊಲೈಟಿಸ್‌ಗೆ ಬರೆದುಕೊಟ್ಟ ಚೀಟಿ ಏನೂ ತಪ್ಪಿರಲಿಲ್ಲ. ಎಚ್‌ಐವಿ ಔಷಧಿ ತಗೊಳ್ಳದ ಒಬ್ಬ ರೋಗಿಗೆ ಅದು ಸರಿಯಾದ ಚೀಟಿಯೇ. ಮೆಸಲಮೈನ್, ಬ್ಯುಡೆಸೊನೈಡ್ ಅನ್ನೋ ಸ್ಟೀರಾಯ್ಡ್, ಜೊತೆಗೆ ದಿನಾ ಬೆಳಗ್ಗೆ ಒಂದು ಗ್ಯಾಸ್ ಮಾತ್ರೆ, ಪ್ಯಾಂಟೊಪ್ರಜೋಲ್.

ಬ್ಯುಡೆಸೊನೈಡ್ ಕರುಳಿನಲ್ಲಿ ಕೆಲಸ ಮಾಡಿ, ಲಿವರ್‌ಗೆ ಹೋದ ತಕ್ಷಣ ಬಹುಪಾಲು ಒಡೆದು ಹೋಗುತ್ತದೆ. ಹಾಗಾಗಿಯೇ ಅದು ಉಳಿದ ಸ್ಟೀರಾಯ್ಡ್‌ಗಿಂತ ಸೌಮ್ಯ ಅಂತ ಹೆಸರು. ಆದರೆ ರಿಟೊನವಿರ್ ಮಾಡುವ ಕೆಲಸವೇ ಲಿವರ್‌ನ ಆ ಒಡೆಯುವ ಕಿಣ್ವವನ್ನು ತಡೆಯೋದು. ಎಚ್‌ಐವಿ ಚಿಕಿತ್ಸೆಯಲ್ಲಿ ಅದನ್ನು ಸೇರಿಸುವುದೇ ಅದಕ್ಕೆ, ಅಟಜನವಿರ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯಲಿ ಅಂತ. ಅದು ಅಟಜನವಿರ್ ಯಾವುದು, ಬ್ಯುಡೆಸೊನೈಡ್ ಯಾವುದು ಅಂತ ನೋಡಲ್ಲ, ಎರಡನ್ನೂ ಉಳಿಸುತ್ತದೆ. ಸೌಮ್ಯ ಮಾತ್ರೆ ಮೈತುಂಬ ಹರಡುವ ದೊಡ್ಡ ಡೋಸ್ ಆಗುತ್ತದೆ. ಮುಖ ಊದುವುದು, ಸ್ನಾಯು ಕರಗುವುದು, ಸಕ್ಕರೆ ಏರುವುದು, ಮೂಳೆ ಸವೆಯುವುದು ಎಲ್ಲ ಶುರು. ಕುಶಿಂಗ್ ಸಿಂಡ್ರೋಮ್ ಅಂತಾರೆ. ಅಮ್ಮ "ಮುಖ ತುಂಬ್ಕೊಂಡವ್ನೆ" ಅಂತ ಸಂತೋಷಪಟ್ಟದ್ದು ಇದಕ್ಕೆ.

ಎರಡನೇ ಎಡವಟ್ಟು ಗ್ಯಾಸ್ ಮಾತ್ರೆಯದು. ಅಟಜನವಿರ್ ರಕ್ತಕ್ಕೆ ಸೇರಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಇರಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಮಾತ್ರೆಗಳು ಅದೇ ಆಮ್ಲವನ್ನು ಕಡಿಮೆ ಮಾಡುತ್ತವೆ. ಇವನು ಒಂದು ದಿನವೂ ತಪ್ಪಿಸದೆ ಎಚ್‌ಐವಿ ಮಾತ್ರೆ ನುಂಗುತ್ತಿದ್ದ, ಆದರೆ ಅದು ಪೂರ್ತಿ ಮೈಗೆ ಸೇರುತ್ತಿರಲಿಲ್ಲ.

ಎಂಟು ವಾರಕ್ಕೆ ಅಂತ ಕೊಟ್ಟ ಸ್ಟೀರಾಯ್ಡನ್ನು ಇವನು ಮೆಡಿಕಲ್ ಸ್ಟೋರಿನಲ್ಲಿ ಹಳೇ ಚೀಟಿ ತೋರಿಸಿ ಐದು ತಿಂಗಳು ಮುಂದುವರಿಸಿದ್ದ. ರಕ್ತ ನಿಂತಿತ್ತಲ್ಲ, ಮತ್ತೆ ಬಂದರೆ ಅನ್ನೋ ಹೆದರಿಕೆ.

ಹಬ್ಬ ಮುಗಿಸಿ ಸೋಮವಾರ ನಾನೇ ಅವನನ್ನು ಎಆರ್‌ಟಿ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿದ್ದೆವು. ಕೌನ್ಸೆಲರ್ ಮೇಡಂ ಒಂದೊಂದೇ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಬ್ಯುಡೆಸೊನೈಡ್ ನೋಡಿ ಇವನ ಮುಖ ನೋಡಿದರು. "ಯಾಕಪ್ಪ ಹೇಳ್ಲಿಲ್ಲ?" ಅಂದರು ಅಷ್ಟೇ. ಬೈಯಲಿಲ್ಲ. ವೈರಲ್ ಲೋಡ್ ಪರೀಕ್ಷೆ ಮಾಡಿಸಿದಾಗ ಸಾವಿರ ದಾಟಿತ್ತು. ಸಕ್ಕರೆಯೂ ಏರಿತ್ತು.

ಮುಂದಿನದು ನಿಧಾನದ ಕೆಲಸ. ಸ್ಟೀರಾಯ್ಡನ್ನು ಒಂದೇ ಸಲ ನಿಲ್ಲಿಸುವಂತಿಲ್ಲ. ಹೊರಗಿನಿಂದ ಬಂದಾಗ ಮೈಯೊಳಗಿನ ಅಡ್ರಿನಲ್ ಗ್ರಂಥಿ ಮಲಗಿಬಿಟ್ಟಿರುತ್ತದೆ, ದಿಢೀರ್ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಇದನ್ನು ದಯವಿಟ್ಟು ನೆನಪಿಡಿ: ಈ ಬರಹ ಓದಿ ಯಾರೂ ತಾವಾಗಿಯೇ ಯಾವ ಮಾತ್ರೆಯನ್ನೂ ಬಿಡಬೇಡಿ. ಎಆರ್‌ಟಿ ಡಾಕ್ಟರ್ ಮತ್ತು ಕರುಳಿನ ಡಾಕ್ಟರ್ ಮೊದಲ ಸಲ ಫೋನಲ್ಲಿ ಮಾತಾಡಿದರು. ಹತ್ತು ನಿಮಿಷದ ಕಾಲ್. ಗ್ಯಾಸ್ ಮಾತ್ರೆ ನಿಂತಿತು. ಸ್ಟೀರಾಯ್ಡ್ ಹಂತಹಂತವಾಗಿ ಇಳಿಯಿತು. ಇವನ ಕೇಸು ತಜ್ಞರ ಸಮಿತಿಗೆ ಹೋಗಿ, ಕೆಲವು ವಾರಗಳ ನಂತರ ರಿಟೊನವಿರ್ ಇಲ್ಲದ, ಡೊಲುಟೆಗ್ರಾವಿರ್ ಇರುವ ಔಷಧಿಗೆ ಬದಲಾಯಿತು.

ಭೇದಿ ಅಂದ ತಕ್ಷಣ ಕೊಲೈಟಿಸ್ ಅಲ್ಲ

ಅವನ ಜೊತೆ ಓಡಾಡುತ್ತಾ ನಾನು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ. ನಾನು ಡಾಕ್ಟರ್ ಅಲ್ಲ. ಇದು ನಿಮ್ಮ ಡಾಕ್ಟರ ಹತ್ತಿರ ಯಾವ ಪ್ರಶ್ನೆ ಕೇಳಬೇಕು ಅಂತ ತಿಳಿಯೋದಕ್ಕೆ.

ಮೊದಲು ಹೆಸರು. ಐಬಿಡಿ ಅಂದರೆ ಕರುಳಿನ ದೀರ್ಘಕಾಲದ ಉರಿಯೂತ. ಅದರಲ್ಲಿ ಮುಖ್ಯವಾಗಿ ಎರಡು: ದೊಡ್ಡ ಕರುಳಿಗೆ ಸೀಮಿತವಾದ ಅಲ್ಸರೇಟಿವ್ ಕೊಲೈಟಿಸ್, ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದಾದ ಕ್ರೋನ್ಸ್ ಕಾಯಿಲೆ. ಟೆನ್ಷನ್ ಆದಾಗ ಹೊಟ್ಟೆ ಕೆಡುವ ಐಬಿಎಸ್ ಬೇರೆ. ಅದರಲ್ಲಿ ಕರುಳಿಗೆ ಹುಣ್ಣಾಗುವುದಿಲ್ಲ, ರಕ್ತ ಬರುವುದಿಲ್ಲ.

ಎಚ್‌ಐವಿ ಇರುವವರಿಗೆ ರಕ್ತಭೇದಿ ಬಂದರೆ ಐಬಿಡಿ ಅನ್ನುವ ಮೊದಲು ಬಹಳಷ್ಟನ್ನು ತಳ್ಳಿಹಾಕಬೇಕು. ಸಿಡಿ4 ಎಣಿಕೆ ಎಷ್ಟಿದೆ ಅನ್ನೋದರ ಮೇಲೆ ಪಟ್ಟಿ ಬದಲಾಗುತ್ತದೆ. 200ಕ್ಕಿಂತ ಕಡಿಮೆ ಇದ್ದರೆ ಕ್ರಿಪ್ಟೊಸ್ಪೊರಿಡಿಯಂ ಥರದ ಪರಾವಲಂಬಿಗಳು ಬಿಡದೆ ಕಾಡಬಹುದು. 50ರ ಆಸುಪಾಸಿಗೆ ಇಳಿದರೆ ಸಿಎಂವಿ ಅನ್ನೋ ವೈರಸ್ ಕರುಳಿನಲ್ಲಿ ಹುಣ್ಣು ಮಾಡುತ್ತದೆ, ನೋಡೋಕೆ ಕೊಲೈಟಿಸ್ ಹಾಗೇ ಇರುತ್ತದೆ. ಸಿಡಿ4 ಚೆನ್ನಾಗಿದ್ದರೂ ಅಮೀಬಾ, ಆಂಟಿಬಯೋಟಿಕ್ ತಗೊಂಡ ನಂತರ ಬರುವ ಸಿ. ಡಿಫಿಸಿಲ್, ಗುದದ ಭಾಗಕ್ಕೆ ತಗಲುವ ಗೊನೊರಿಯಾ, ಕ್ಲಮೀಡಿಯಾ, ಸಿಫಿಲಿಸ್, ಹರ್ಪಿಸ್ ಇವೆಲ್ಲ ಇದ್ದೇ ಇವೆ. ಕೊನೆಯ ಪಟ್ಟಿ ಕೇಳಿ ಮುಜುಗರಪಡಬೇಡಿ. ಡಾಕ್ಟರಿಗೆ ನಿಜ ಹೇಳಿದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಆಂಟಿಬಯೋಟಿಕ್‌ನಲ್ಲಿ ವಾಸಿಯಾಗುವುದನ್ನು ಕೊಲೈಟಿಸ್ ಅಂತ ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗುವುದು ತಪ್ಪುತ್ತದೆ. ಕೆಲವು ಸಲ ಎಚ್‌ಐವಿ ಮಾತ್ರೆಯೇ ಭೇದಿ ತರುತ್ತದೆ. ಲೊಪಿನವಿರ್ ಇದಕ್ಕೆ ಹೆಸರಾದದ್ದು. ಆದರೆ ಮಾತ್ರೆಯ ಭೇದಿಯಲ್ಲಿ ರಕ್ತ ಇರುವುದಿಲ್ಲ.

ನಮ್ಮ ದೇಶದಲ್ಲಿ ಎಲ್ಲಕ್ಕಿಂತ ದೊಡ್ಡ ಗೊಂದಲ ಕರುಳಿನ ಟಿಬಿಯದು. ಟಿಬಿ ಮತ್ತು ಕ್ರೋನ್ಸ್ ಎರಡೂ ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗದಲ್ಲೇ ಕೂರುತ್ತವೆ. ಬಯಾಪ್ಸಿಯಲ್ಲೂ ಕೆಲವೊಮ್ಮೆ ಸ್ಪಷ್ಟ ಆಗಲ್ಲ. ಕ್ರೋನ್ಸ್ ಅಂದುಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಟ್ಟು, ಅದು ಟಿಬಿ ಆಗಿದ್ದರೆ ಟಿಬಿ ಮೈಯೆಲ್ಲ ಹರಡುತ್ತದೆ. ಅನುಮಾನ ಇದ್ದಾಗ ಡಾಕ್ಟರುಗಳು ಮೊದಲು ಟಿಬಿ ಮಾತ್ರೆ ಕೊಟ್ಟು ಎರಡು ಮೂರು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ನೋಡುವುದುಂಟು. ಅಲ್ಲೂ ಎಚ್‌ಐವಿ ವಿಷಯ ಗೊತ್ತಿರಲೇಬೇಕು. ಟಿಬಿಯ ರಿಫಾಂಪಿಸಿನ್ ಮಾತ್ರೆ ಅಟಜನವಿರ್ ಮಟ್ಟವನ್ನು ಪಾತಾಳಕ್ಕೆ ಇಳಿಸುತ್ತದೆ, ಎರಡನ್ನೂ ಜೊತೆಗೆ ಕೊಡುವಂತಿಲ್ಲ. ಡೊಲುಟೆಗ್ರಾವಿರ್ ಆದರೆ ದಿನಕ್ಕೆ ಒಂದರ ಬದಲು ಎರಡು ಸಲ ಕೊಡುತ್ತಾರೆ.

ಹಾಗಾಗಿ ಕೇಳಬೇಕಾದ ಪರೀಕ್ಷೆಗಳು: ಮಲ ಪರೀಕ್ಷೆ (ಕ್ರಿಪ್ಟೊಸ್ಪೊರಿಡಿಯಂಗೆ ಬೇರೆಯೇ ಸ್ಟೇನ್ ಬೇಕು, ಮಾಮೂಲಿ ಪರೀಕ್ಷೆಯಲ್ಲಿ ತಪ್ಪಿಹೋಗಬಹುದು), ಉರಿಯೂತ ಎಷ್ಟಿದೆ ಅಂತ ತಿಳಿಸುವ ಕ್ಯಾಲ್‌ಪ್ರೊಟೆಕ್ಟಿನ್, ಸಿಡಿ4, ವೈರಲ್ ಲೋಡ್, ಕೊಲೊನೋಸ್ಕೋಪಿ ಜೊತೆಗೆ ಬಯಾಪ್ಸಿ. ಬಯಾಪ್ಸಿಯಲ್ಲಿ ಟಿಬಿ ಮತ್ತು ಸಿಎಂವಿ ನೋಡಿ ಅಂತ ಹೇಳಬೇಕು. ಹೇಳಬೇಕಾದರೆ, ಮತ್ತೆ ಅದೇ ಮಾತು, ಎಚ್‌ಐವಿ ಇದೆ ಅಂತ ಅವರಿಗೆ ಗೊತ್ತಿರಬೇಕು.

ಯಾವ ಮಾತ್ರೆ, ಯಾವ ಎಚ್ಚರ

ಎಚ್‌ಐವಿ ಇದ್ದವರಿಗೆ ಐಬಿಡಿ ಚಿಕಿತ್ಸೆ ಕೊಡೋಕಾಗಲ್ಲ ಅನ್ನೋದು ಸುಳ್ಳು. ವೈರಸ್ ಹತೋಟಿಯಲ್ಲಿದ್ದು ಸಿಡಿ4 ಚೆನ್ನಾಗಿದ್ದರೆ ಉಳಿದವರಿಗೆ ಕೊಡುವ ಬಹುತೇಕ ಔಷಧಿಗಳನ್ನು ಕೊಡಬಹುದು. ಎಚ್ಚರ ಬೇಕು ಅಷ್ಟೇ.

ಮೆಸಲಮೈನ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದಿಲ್ಲ. ಆದರೆ ಅಪರೂಪಕ್ಕೆ ಕಿಡ್ನಿಗೆ ತೊಂದರೆ ಕೊಡುತ್ತದೆ. ಎಆರ್‌ಟಿಯಲ್ಲಿರುವ ಟೆನೊಫೊವಿರ್ ಕೂಡ ಕಿಡ್ನಿಯ ಮೇಲೆ ಕಣ್ಣಿಡಬೇಕಾದ ಮಾತ್ರೆ. ಎರಡೂ ಇದ್ದರೆ ಕ್ರಿಯಾಟಿನಿನ್ ಪರೀಕ್ಷೆ ತಪ್ಪಿಸಬೇಡಿ.

ಅಜಥಯೋಪ್ರಿನ್ ರಕ್ತಕಣಗಳನ್ನು ಇಳಿಸಬಹುದು. ನಮ್ಮಲ್ಲಿ ಕೆಲವರಿಗೆ ಎನ್‌ಯುಡಿಟಿ15 ಅನ್ನೋ ಜೀನಿನ ವ್ಯತ್ಯಾಸದಿಂದ ಇದು ಸ್ವಲ್ಪ ಡೋಸಿಗೇ ಜೋರಾಗಿ ಆಗುತ್ತದೆ, ಕೂದಲು ಕಂತೆಗಟ್ಟಲೆ ಉದುರುತ್ತದೆ. ಎಆರ್‌ಟಿಯಲ್ಲಿ ಜಿಡೊವುಡಿನ್ ಇದ್ದರೆ ಅದೂ ರಕ್ತ ಇಳಿಸುವಂಥದ್ದು. ಎರಡು ಜೊತೆಯಾದರೆ ರಕ್ತಪರೀಕ್ಷೆ ಪದೇಪದೇ ಬೇಕು.

ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್ ಇಂಜೆಕ್ಷನ್‌ಗಳ ಮೊದಲು ಟಿಬಿ, ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಟೊಫಾಸಿಟಿನಿಬ್ ಈಗ ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ರಿಟೊನವಿರ್ ಜೊತೆಗೆ ಅದರ ಮಟ್ಟವೂ ಏರುತ್ತದೆ, ಸರ್ಪಸುತ್ತು ಬರುವ ಸಾಧ್ಯತೆ ಹೆಚ್ಚು.

ಇವನಿಗೆ ಡೊಲುಟೆಗ್ರಾವಿರ್ ಬಂದ ಮೇಲೆ ಹೊಸ ಲೆಕ್ಕ ಶುರುವಾಯಿತು. ರಕ್ತ ಹೋಗಿದ್ದರಿಂದ ಕಬ್ಬಿಣದ ಮಾತ್ರೆ, ಮೂಳೆಗೆ ಕ್ಯಾಲ್ಸಿಯಂ. ಈ ಎರಡೂ ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಬಾಟಲಿಯಲ್ಲಿ ಬರುವ ಆಂಟಾಸಿಡ್ ಸಿರಪ್ ಕೂಡ ಹಾಗೇ. ಆದ್ದರಿಂದ ಡೊಲುಟೆಗ್ರಾವಿರ್ ಮೊದಲು ತಗೊಂಡು ಎರಡು ಗಂಟೆ ಬಿಟ್ಟು ಇವನ್ನು ತಗೊಳ್ಳಬೇಕು, ಅಥವಾ ಇವನ್ನು ತಗೊಂಡು ಆರು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಆದರೆ ಊಟದ ಜೊತೆ ಒಟ್ಟಿಗೇ ತಗೊಳ್ಳುವ ದಾರಿಯೂ ಇದೆ, ಆಂಟಾಸಿಡ್‌ಗೆ ಅದಿಲ್ಲ. ಸಕ್ಕರೆಗೆ ಕೊಟ್ಟ ಮೆಟ್‌ಫಾರ್ಮಿನ್ ಮಟ್ಟವನ್ನು ಡೊಲುಟೆಗ್ರಾವಿರ್ ಏರಿಸುತ್ತದೆ, ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ. ಅವನ ಫೋನಿನಲ್ಲಿ ಈಗ ಮೂರು ಅಲಾರಂ ಇವೆ. ರಾತ್ರಿ ಒಂಬತ್ತರ ಅಲಾರಂಗೆ "ಚೆನ್ನಕೇಶವ" ಅಂತ ಹೆಸರಿಟ್ಟಿದ್ದಾನೆ, ಯಾರಾದರೂ ನೋಡಿದರೂ ಪೂಜೆ ಅಂದುಕೊಳ್ಳಲಿ ಅಂತ.

ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಗೊಂಡರೆ ಕೊಲೈಟಿಸ್ ಕೆರಳಬಹುದು. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಸಾಕಾ ಅಂತ ಮೊದಲು ಕೇಳಿ. ಜ್ವರ, ಹೊಟ್ಟೆ ಉಬ್ಬರ, ರಕ್ತ ಜೋರಾಗಿದ್ದಾಗ ಭೇದಿ ನಿಲ್ಲಿಸುವ ಮಾತ್ರೆ ನುಂಗಬೇಡಿ, ಆಸ್ಪತ್ರೆಗೆ ಹೋಗಿ.

ಫೋನಿನಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯ ಎಚ್‌ಐವಿ ಔಷಧಿಗಳು ಬೇರೆ ಔಷಧಿಗಳ ಜೊತೆ ಹೊಂದುತ್ತವೋ ಇಲ್ಲವೋ ಅಂತ ತಿಳಿಸುವ ಉಚಿತ ಜಾಲತಾಣ ನಡೆಸುತ್ತದೆ. ಎರಡು ಹೆಸರು ಹಾಕಿದರೆ ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ಉತ್ತರ ಬರುತ್ತದೆ. ಕೆಂಪು ಬಂದರೆ ಮಾತ್ರೆ ಬಿಡೋದಲ್ಲ, ಅದರ ಸ್ಕ್ರೀನ್‌ಶಾಟ್ ತಗೊಂಡು ಡಾಕ್ಟರಿಗೆ ತೋರಿಸೋದು.

ಕರುಳು ಮತ್ತು ವೈರಸ್ಸಿನ ನಂಟು

ಈ ಎರಡು ಕಾಯಿಲೆಗೂ ಕರುಳು ಒಂದೇ ರಣರಂಗ. ನಮ್ಮ ರೋಗನಿರೋಧಕ ಕಣಗಳ ದೊಡ್ಡ ಪಾಲು ಇರುವುದು ಕರುಳಿನ ಗೋಡೆಯಲ್ಲಿ. ಎಚ್‌ಐವಿ ಸೋಂಕು ತಗಲಿದ ಮೊದಲ ವಾರಗಳಲ್ಲೇ ಅಲ್ಲಿನ ಸಿಡಿ4 ಕಣಗಳು ಭಾರಿ ಪ್ರಮಾಣದಲ್ಲಿ ನಾಶವಾಗುತ್ತವೆ.

ಇದರ ಸುತ್ತ ಒಂದು ಸಂಶೋಧನೆಯ ಕಥೆ ಇದೆ, ಬೆಂಗಳೂರಿನ ನಂಟೂ ಅದಕ್ಕಿದೆ. ವೆಡೊಲಿಜುಮ್ಯಾಬ್ ಅಂತ ಐಬಿಡಿಗೆ ಕೊಡುವ ಒಂದು ಔಷಧಿ ಇದೆ. ಬಿಳಿರಕ್ತಕಣಗಳು ಕರುಳಿಗೆ ನುಗ್ಗಲು ಬಳಸುವ "ಆಲ್ಫಾ 4 ಬೀಟಾ 7" ಅನ್ನೋ ಕೊಂಡಿಯನ್ನು ಅದು ಮುಚ್ಚುತ್ತದೆ. ಉಳಿದ ಮೈಯ ರೋಗನಿರೋಧಕ ಶಕ್ತಿಯನ್ನು ಹೆಚ್ಚು ಮುಟ್ಟುವುದಿಲ್ಲ. ಎಚ್‌ಐವಿಯೂ ಅದೇ ಕೊಂಡಿಗೆ ಅಂಟಿಕೊಳ್ಳಬಲ್ಲದು. ಸಿದ್ದಪ್ಪ ಬೈರಾರೆಡ್ಡಿ ಅನ್ನೋ ವಿಜ್ಞಾನಿ ಹಿಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಎಚ್‌ಐವಿ ಮೇಲೆ ಕೆಲಸ ಮಾಡಿದವರು, ಆಮೇಲೆ ಅಮೆರಿಕಕ್ಕೆ ಹೋದರು. 2016ರಲ್ಲಿ ಅವರೂ ಸಹೋದ್ಯೋಗಿಗಳೂ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಎಚ್‌ಐವಿಯ ಸೋದರ ವೈರಸ್ ಇದ್ದ ಕೋತಿಗಳಿಗೆ ಎಆರ್‌ಟಿ ಜೊತೆ ಇಂಥದೇ ಪ್ರತಿಕಾಯ ಕೊಟ್ಟು, ನಂತರ ಎರಡನ್ನೂ ನಿಲ್ಲಿಸಿದರೂ ವೈರಸ್ ಹತೋಟಿಯಲ್ಲೇ ಉಳಿಯಿತು. ಜಗತ್ತೇ ತಿರುಗಿ ನೋಡಿತು.

ಆದರೆ 2019ರಲ್ಲಿ ಬೇರೆ ತಂಡಗಳು ಅದೇ ಪ್ರಯೋಗ ಮಾಡಿದಾಗ ಆ ಫಲ ಸಿಗಲಿಲ್ಲ. ಮನುಷ್ಯರಿಗೆ ವೆಡೊಲಿಜುಮ್ಯಾಬ್ ಕೊಟ್ಟು ಎಆರ್‌ಟಿ ನಿಲ್ಲಿಸಿ ನೋಡಿದಾಗಲೂ ವೈರಸ್ ಮತ್ತೆ ಏರಿತು. ಹಾಗಾಗಿ ಅದು ಎಚ್‌ಐವಿಗೆ ಔಷಧಿ ಅಲ್ಲ. ಆದರೆ ಈ ಕಥೆಯಿಂದ ಎರಡು ವಿಷಯ ಉಳಿಯಿತು. ಒಂದು, ಎರಡೂ ಕಾಯಿಲೆ ಇರುವವರಿಗೆ ಡಾಕ್ಟರುಗಳು ಪರಿಗಣಿಸುವ ಔಷಧಿಗಳಲ್ಲಿ ಇದೂ ಒಂದು. ಎರಡು, ಕರುಳಿನ ಚಿಕಿತ್ಸೆ ಎಷ್ಟೇ ಚೆನ್ನಾಗಿ ನಡೆಯಲಿ, ಎಆರ್‌ಟಿ ಒಂದು ದಿನವೂ ತಪ್ಪುವಂತಿಲ್ಲ.

ಮುದ್ದೆ ಬಿಡಬೇಕಾ?

ಅವನ ಅಮ್ಮ ನನ್ನನ್ನು ಕೇಳಿದ ಪ್ರಶ್ನೆ ಇದು. ಡಯಟಿಷಿಯನ್ ಹೇಳಿದ್ದು: ಕಾಯಿಲೆ ಕೆರಳಿದಾಗ ಮೆತ್ತಗಿನ ಅನ್ನ, ಗಂಜಿ, ಮೊಸರು ಒಗ್ಗಿದರೆ ಮೊಸರನ್ನ, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಮೊಟ್ಟೆ. ಸೊಪ್ಪು, ಹುರುಳಿ, ಅವರೆಕಾಳು, ಹಸಿ ತರಕಾರಿ ಆಗ ಕಡಿಮೆ. ಕಾಯಿಲೆ ಶಾಂತವಾದ ಮೇಲೆ ಮುದ್ದೆ, ಸೊಪ್ಪಿನ ಸಾರು ಮೆಲ್ಲಗೆ ಶುರು ಮಾಡಿ ಮೈಗೆ ಒಗ್ಗುತ್ತಾ ನೋಡೋದು. ಎಲ್ಲರಿಗೂ ಒಂದೇ ಪಥ್ಯ ಇಲ್ಲ. ಹೆದರಿ ಎಲ್ಲ ಬಿಟ್ಟವರು ಕಾಯಿಲೆಗಿಂತ ಹೆಚ್ಚು ಸೊರಗುತ್ತಾರೆ. ನೀರು ಮಾತ್ರ ಕುದಿಸಿಯೇ ಕುಡಿಯಬೇಕು. ಕ್ಲೋರಿನ್‌ಗೆ ಸಾಯದ ಕ್ರಿಪ್ಟೊಸ್ಪೊರಿಡಿಯಂ ಕುದಿಸಿದರೆ ಸಾಯುತ್ತದೆ. ಹಸಿ ಹಾಲೂ ಬೇಡ.

ಪ್ರಯಾಣ ಅವನ ದೊಡ್ಡ ಚಿಂತೆ ಆಗಿತ್ತು. ಬಸ್ಸು ಹತ್ತಿದರೆ ಮಧ್ಯದಲ್ಲಿ ಎಲ್ಲಿ ನಿಲ್ಲಿಸೋದು? ಈಗ ಬೆಂಗಳೂರಿನಿಂದ ಹಾಸನಕ್ಕೆ ಚನ್ನರಾಯಪಟ್ಟಣದ ಮೇಲೆ ಬರುವ ರೈಲಿಗೇ ಬರ್ತಾನೆ. ಆ ಮಾರ್ಗ 2017ರಲ್ಲಿ ಶುರುವಾದಾಗ ನಾವೆಲ್ಲ ಟೈಮ್ ಉಳೀತು ಅಂತ ಖುಷಿಪಟ್ಟಿದ್ದೆವು. ಅವನಿಗೆ ಅದರಲ್ಲಿ ಟಾಯ್ಲೆಟ್ ಇದೆ ಅನ್ನೋದೇ ಖುಷಿ. ಆಫೀಸಿನಲ್ಲಿ "ಕೊಲೈಟಿಸ್ ಇದೆ, ಕೆಲವು ದಿನ ಮನೆಯಿಂದ ಕೆಲಸ ಬೇಕು" ಅಂತ ಮಾತ್ರ ಹೇಳಿದ. ಅಷ್ಟು ಸಾಕಾಯಿತು. ಎಚ್‌ಐವಿ ವಿಷಯ ಮ್ಯಾನೇಜರಿಗೆ ಹೇಳುವ ಅಗತ್ಯವೇ ಇಲ್ಲ.

ಯಾರಿಗೆ ಹೇಳಬೇಕು, ಯಾರಿಗೆ ಬೇಡ

ಇಲ್ಲಿ ಕಾನೂನು ನಮ್ಮ ಕಡೆ ಇದೆ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೋರ್ಟಿನ ಆದೇಶ ಇಲ್ಲದೆ ನಿಮ್ಮ ಎಚ್‌ಐವಿ ಸ್ಥಿತಿ ಹೇಳಿ ಅಂತ ಯಾರೂ ಬಲವಂತ ಮಾಡುವಂತಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಚಿಕಿತ್ಸೆಯಲ್ಲಿ, ಕೆಲಸದಲ್ಲಿ, ಬಾಡಿಗೆ ಮನೆಯಲ್ಲಿ ತಾರತಮ್ಯ ಮಾಡುವಂತಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ದೂರು ಅಧಿಕಾರಿ ಇರಬೇಕು, ಆಸ್ಪತ್ರೆಗಳಿಗೆ ಆ ಮಿತಿ ಇಪ್ಪತ್ತೇ. ಫೈಲಿನ ಮೇಲೆ ಕೆಂಪು ಪೆನ್ನಲ್ಲಿ ಬರೆದದ್ದಕ್ಕೆ ಇವನು ದೂರು ಕೊಡಬಹುದಿತ್ತು. ಕೊಡಲಿಲ್ಲ, ಸುಮ್ಮನಾದ. ಆ ಸುಮ್ಮನಿದ್ದದ್ದರ ಬೆಲೆ ಆಮೇಲೆ ಅವನ ಮೈ ಕೊಟ್ಟಿತು.

ಕಾನೂನು ಹೇಳದಿರುವ ಹಕ್ಕು ಕೊಡುತ್ತದೆ, ನಿಜ. ಆದರೆ ಮಾತ್ರೆ ಬರೆಯುವ ಡಾಕ್ಟರಿಗೆ ಹೇಳುವುದು ಬೇರೆ ವಿಷಯ. ಕೌಂಟರಿಗೆ ಹೇಳಬೇಕಿಲ್ಲ, ಫಾರ್ಮಿನಲ್ಲಿ ಬರೆಯಬೇಕಿಲ್ಲ. ಬಾಗಿಲು ಹಾಕಿದ ಮೇಲೆ "ಡಾಕ್ಟ್ರೇ, ನಾನು ಈ ಮಾತ್ರೆಗಳನ್ನೂ ತಗೊಳ್ತೀನಿ, ಹೊರಗೆ ಯಾರಿಗೂ ಗೊತ್ತಾಗೋದು ಬೇಡ" ಅಂತ ಪಟ್ಟಿ ಕೈಗೆ ಕೊಡಬಹುದು. ಬಾಯಿಬಿಟ್ಟು ಹೇಳೋಕೆ ಕಷ್ಟ ಆದರೆ ಕಾಗದ ಹೇಳುತ್ತದೆ. ಏನು ಮಾಡೋದು ಅಂತ ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ. ಉಚಿತ ಸಹಾಯವಾಣಿ, ಹೆಸರು ಹೇಳಬೇಕಿಲ್ಲ.

ಹೋದ ತಿಂಗಳು ಮತ್ತೆ ಅದೇ ದೇವಸ್ಥಾನದ ಅಂಗಳದಲ್ಲಿ ಕೂತಿದ್ದೆವು. ಮುಖ ಮೊದಲಿನ ಹಾಗೆ ಉದ್ದ ಆಗಿದೆ. ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದೆ. ಆ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ಹರಡುವುದಿಲ್ಲ. ಕೊಲೈಟಿಸ್ ಪೂರ್ತಿ ಹೋಗಿಲ್ಲ, ಹೋಗುವ ಕಾಯಿಲೆಯೂ ಅಲ್ಲ. ಈ ವರ್ಷ ಒಂದು ಸಲ ಕೆರಳಿತು. ಆಗ ಮೊದಲ ದಿನವೇ ಇಬ್ಬರು ಡಾಕ್ಟರಿಗೂ ಮೆಸೇಜ್ ಹೋಯಿತು.

"ಇವ್ರಿಬ್ರನ್ನ ನೋಡು" ಅಂದ, ಎರಡೂ ಗುಡಿ ತೋರಿಸಿ. "ಎಂಟುನೂರು ವರ್ಷದಿಂದ ಪಕ್ಕಪಕ್ಕ ಅವ್ರೆ. ನಾಗೇಶ್ವರಂಗೆ ಒಂದು ಹೇಳಿ ಚೆನ್ನಕೇಶವಂಗೆ ಇನ್ನೊಂದು ಹೇಳೋಕಾಗುತ್ತಾ?"

ಅವನ ಅಮ್ಮನಿಗೆ ಎಚ್‌ಐವಿ ವಿಷಯ ಇನ್ನೂ ಗೊತ್ತಿಲ್ಲ. ಮಗ ಮತ್ತೆ ಸಣ್ಣ ಆದ ಅಂತ ಅವರಿಗೆ ಬೇಜಾರು. ಅವರಿಗೆ ಯಾವಾಗ ಹೇಳೋದು, ಹೇಳೋದಾ ಬೇಡವಾ, ಅದು ಅವನ ತೀರ್ಮಾನ. ನಾನು ಕೇಳಿಲ್ಲ.

ನೀವು ಈಗಲೇ ಒಂದು ಕೆಲಸ ಮಾಡಿ. ನೀವು ತಗೊಳ್ಳುವ ಎಲ್ಲ ಮಾತ್ರೆಗಳನ್ನೂ, ಗ್ಯಾಸಿನದು, ವಿಟಮಿನ್, ನಾಟಿ ಔಷಧಿ ಸೇರಿಸಿ, ಮೇಜಿನ ಮೇಲಿಟ್ಟು ಒಂದು ಫೋಟೊ ತೆಗೆದು ಫೋನಿನಲ್ಲಿ ಲಾಕ್ ಮಾಡಿಡಿ. ಮುಂದಿನ ಸಲ ಯಾವ ಡಾಕ್ಟರ ಮುಂದೆ ಕೂತರೂ ಮೊದಲು ಅದನ್ನು ತೋರಿಸಿ.